ದಾನಕ್ಕಿಂತ ಪಾಲನೆ ದೊಡ್ಡದು
(ಪೇಟೆ-ಕೇರಿಗಳನ್ನು ಬೆಳೆಸಿದ ದತ್ತಿಗಳ ಇತಿಹಾಸ)

ಗುಡಿಯ ಸುತ್ತ ಊರು ಬೆಳೆಯಿತೋ, ಊರಿನ ನಡುವೆ ಗುಡಿ ಎದ್ದಿತೋ ಎಂಬ ಪ್ರಶ್ನೆಗೆ ಉತ್ತರ ಊರಿಂದೂರಿಗೆ ಬೇರೆ ಬೇರೆ. ಆದರೆ ಒಂದು ಮಾತು ಎಲ್ಲ ಊರುಗಳಿಗೂ ಸಲ್ಲುತ್ತದೆ. ಕೆರೆ, ಬಾವಿ, ಛತ್ರ, ಅರವಟ್ಟಿಗೆ, ಸಂತೆಕಟ್ಟೆ, ಶಾಲೆ ಇವುಗಳಲ್ಲಿ ಯಾವುದೂ ತಾನಾಗಿ ಹುಟ್ಟಿದ್ದಲ್ಲ. ಯಾರೋ ಒಬ್ಬ ಪುಣ್ಯಾತ್ಮರು ಮುಂದೆ ಬಂದು ಕೊಟ್ಟರು, ಹತ್ತು ಜನ ಕೈಗೂಡಿಸಿದರು, ಆಮೇಲೆ ಅದರ ಸುತ್ತ ಅಂಗಡಿಗಳಾದವು, ಮನೆಗಳಾದವು, ಒಂದು ಕೇರಿಯೇ ಆಯಿತು. ಹೀಗೆ ಕೊಟ್ಟದ್ದನ್ನು ಹಿರಿಯರು ದತ್ತಿ ಎಂದು ಕರೆದರು.

ದಾನಕ್ಕೂ ದತ್ತಿಗೂ ಒಂದು ವ್ಯತ್ಯಾಸವಿದೆ. ಹಸಿದು ಬಂದವನಿಗೆ ಒಂದು ಹೊತ್ತು ಊಟ ಹಾಕುವುದು ದಾನ. ಮುಂದೆ ಹಸಿದು ಬರುವವರಿಗೆಲ್ಲ ಊಟ ಸಿಗಲೆಂದು ನಾಲ್ಕು ಎಕರೆ ಹೊಲ ಬಿಟ್ಟು, ಅದರ ಫಸಲು ಛತ್ರಕ್ಕೇ ಸೇರಬೇಕೆಂದು ಬರೆದಿಟ್ಟು, ಅದನ್ನು ನೋಡಿಕೊಳ್ಳುವವರನ್ನು ನೇಮಿಸುವುದು ದತ್ತಿ. ವ್ಯಾಪಾರಸ್ಥರ ಮಾತಿನಲ್ಲಿ ಹೇಳುವುದಾದರೆ, ಅಸಲನ್ನು ಮುಟ್ಟದೆ ಅದರ ಹುಟ್ಟುವಳಿಯಿಂದ ಧರ್ಮ ನಡೆಸುವುದೇ ದತ್ತಿ. ಕೊಟ್ಟ ಹಣ ಖರ್ಚಾಗಿ ಹೋಗುತ್ತದೆ, ಇಟ್ಟ ದತ್ತಿ ಉಳಿಯುತ್ತದೆ. ಆದರೆ ಅದು ಉಳಿಯಬೇಕಾದರೆ ಕಾಯುವವರು ಬೇಕು. ಈ ಸೀಮೆಯ ಚರಿತ್ರೆ ಮತ್ತೆ ಮತ್ತೆ ಹೇಳುವ ಪಾಠ ಇದೇ ಆಗಿದೆ.

ಶಾಸನಗಳ ಕಾಲ

ಮಡಕಶಿರಾ ಸೀಮೆಯ ಹೇಮಾವತಿ ಹಿಂದೆ ಹೆಂಜೇರು ಎಂದು ಹೆಸರಾಗಿದ್ದ ನೊಳಂಬ ಅರಸರ ರಾಜಧಾನಿ. ನೊಳಂಬವಾಡಿ ಮೂವತ್ತೆರಡು ಸಾಸಿರವೆಂಬ ನಾಡು ಇವರ ಆಳ್ವಿಕೆಗೆ ಒಳಪಟ್ಟಿತ್ತು. ಇಲ್ಲಿಯ ದೊಡ್ಡೇಶ್ವರ ದೇವಾಲಯ, ನುಣುಪು ಕಲ್ಲಿನ ಕಂಬಗಳು, ಕನ್ನಡ ಶಾಸನಗಳು ಆ ವೈಭವಕ್ಕೆ ಇಂದಿಗೂ ಸಾಕ್ಷಿಯಾಗಿ ನಿಂತಿವೆ. ಇಂಥ ಶಾಸನಗಳಲ್ಲಿ ಅರಸರ ಹೊಗಳಿಕೆ ಮೊದಲು ಬಂದರೂ, ಮುಖ್ಯವಾದ ವಿಷಯ ಕೊನೆಯ ಸಾಲುಗಳಲ್ಲಿರುತ್ತದೆ. ಯಾವ ಭೂಮಿ, ಅದರ ಎಲ್ಲೆ ಯಾವುದು, ಯಾವ ಸುಂಕ, ಯಾವ ಕೆಲಸಕ್ಕೆ, ಯಾರ ವಶಕ್ಕೆ ಎಂಬ ವಿವರವೆಲ್ಲ ಅಲ್ಲಿ ಬರುತ್ತದೆ. ಇದು ಕಲ್ಲಿನ ಮೇಲೆ ಬರೆದ ಟ್ರಸ್ಟ್ ಪತ್ರವೆಂದರೆ ಅತಿಶಯೋಕ್ತಿಯಾಗಲಾರದು.

ದತ್ತಿ ಬಿಟ್ಟವರು ಅರಸರು ಮಾತ್ರವಲ್ಲ. ಐಹೊಳೆಯನ್ನು ಮೂಲಸ್ಥಾನವಾಗಿ ಹೊಂದಿದ್ದ ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಸಂಘ ದಕ್ಷಿಣ ದೇಶವನ್ನೆಲ್ಲ ವ್ಯಾಪಿಸಿತ್ತು. ಪಟ್ಟಣಗಳಲ್ಲಿ ನಖರವೆಂಬ ವರ್ತಕ ಸಮೂಹಗಳಿದ್ದವು. ಎತ್ತಿನ ಹೇರು ಒಂದಕ್ಕೆ ಇಷ್ಟು, ವೀಳ್ಯದೆಲೆಯ ಹೊರೆಗೆ ಇಷ್ಟು, ಗಾಣವೊಂದಕ್ಕೆ ಇಷ್ಟು ಎಣ್ಣೆ ಎಂದು ಇವರು ತಮ್ಮ ಮೇಲೆ ತಾವೇ ಹೇರಿಕೊಂಡು ದೇವರ ದೀಪಕ್ಕೆ, ಕೆರೆಗೆ, ಮಠಕ್ಕೆ ಬಿಟ್ಟರು. ಮುಂದೆ ಅಡತಿ ಅಂಗಡಿಗಳ ಪಟ್ಟಿಯಲ್ಲಿ 'ಧರ್ಮ' ಎಂಬ ಒಂದು ಬಾಬ್ತು ಬರುತ್ತಿದ್ದುದನ್ನು ಹಿರಿಯ ವರ್ತಕರು ಬಲ್ಲರು. ಅದು ಇದೇ ರೂಢಿಗೆ ಸೇರಿದ್ದು.

ಆ ಕಾಲದ ದತ್ತಿಯ ಮನಸ್ಸು ಎಷ್ಟು ವಿಶಾಲವಾಗಿತ್ತೆಂಬುದಕ್ಕೆ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವೊಂದೇ ಸಾಕು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಅಂದು ದೊಡ್ಡ ವ್ಯಾಪಾರ ಪಟ್ಟಣ. ಅಲ್ಲಿಯ ಮಠವು ವಿದ್ಯೆ ಕಲಿಸುವ ಸ್ಥಾನವಾಗಿತ್ತು. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ ಸಿಗುವ ಸ್ಥಾನವಾಗಿತ್ತು. ರೋಗಿಗಳಿಗೆ ಔಷಧ ಸಿಗುವ, ಭಯಗೊಂಡವರಿಗೆ ಅಭಯ ಸಿಗುವ ಸ್ಥಾನವೂ ಆಗಿತ್ತೆಂದು ಆ ಶಾಸನದಿಂದ ತಿಳಿದುಬರುತ್ತದೆ. ಶಾಲೆ, ಆಸ್ಪತ್ರೆ, ಅನಾಥಾಲಯ ಮೂರೂ ಒಂದೇ ಆವರಣದಲ್ಲಿ, ದತ್ತಿಯ ಆದಾಯದ ಮೇಲೆ ನಡೆಯುತ್ತಿದ್ದವು.

ಶಾಸನದ ಕೊನೆಯಲ್ಲಿ ಶಾಪವಾಕ್ಯ ಬರುವುದನ್ನು ಎಲ್ಲರೂ ಕೇಳಿದ್ದಾರೆ. ತಾನು ಕೊಟ್ಟಿದ್ದಾಗಲಿ ಪರರು ಕೊಟ್ಟಿದ್ದಾಗಲಿ, ದತ್ತಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆಂದು ಅಲ್ಲಿ ಹೇಳಿರುತ್ತದೆ. ಆದರೆ ಅದರ ಜೊತೆಯಲ್ಲೇ ಬರುವ ಇನ್ನೊಂದು ಮಾತಿನ ಕಡೆ ಜನರ ಗಮನ ಹರಿಯುವುದು ಕಡಿಮೆ. ಕೊಡುವುದು, ಕೊಟ್ಟದ್ದನ್ನು ಕಾಪಾಡುವುದು ಈ ಎರಡರಲ್ಲಿ ಕಾಪಾಡುವುದೇ ಹೆಚ್ಚಿನದು ಎಂಬುದು ಅದರ ತಾತ್ಪರ್ಯ. ಕೊಟ್ಟವರಿಗೆ ಸ್ವರ್ಗವಾದರೆ, ಕಾಯ್ದವರಿಗೆ ಅದಕ್ಕಿಂತ ಮೇಲಿನ ಪದವಿ.

ಕೆರೆಯೂ ದಸವಂದವೂ

ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಊರಿಗೆ ಮೊದಲು ಬೇಕಾದದ್ದು ಕೆರೆ. ಅನಂತಪುರ ಪಟ್ಟಣವೇ ಕೆರೆಯಿಂದ ಹುಟ್ಟಿದ್ದೆಂದು ಪ್ರತೀತಿ. ವಿಜಯನಗರದ ಒಂದನೆಯ ಬುಕ್ಕರಾಯನ ಮಂತ್ರಿ ಚಿಕ್ಕಪ್ಪ ಒಡೆಯನು ಕೆರೆ ಕಟ್ಟಿಸಿ, ಅದರ ಒಂದು ಕಡೆಯ ಊರಿಗೆ ಬುಕ್ಕರಾಯನ ಹೆಸರನ್ನೂ ಇನ್ನೊಂದು ಕಡೆಯ ಊರಿಗೆ ತನ್ನ ಪತ್ನಿ ಅನಂತಮ್ಮನ ಹೆಸರನ್ನೂ ಇಟ್ಟನೆಂದು ಸ್ಥಳದ ಕಥೆ ಹೇಳುತ್ತದೆ. ಬುಕ್ಕರಾಯಸಮುದ್ರ ಮತ್ತು ಅನಂತಪುರ ಇಂದಿಗೂ ಎದುರುಬದುರು ಇವೆ.

ಕಡಪ ಸೀಮೆಯ ಪೋರುಮಾಮಿಳ್ಳ ಕೆರೆಯ 1369ರ ಶಾಸನ ಇನ್ನೂ ಅಪೂರ್ವವಾದದ್ದು. ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಈ ಕೆರೆಗೆ 1,000 ಕೂಲಿಕಾರರು, 100 ಬಂಡಿಗಳು, 2 ವರ್ಷಗಳ ಕಾಲ ಹಿಡಿದವೆಂದು ಅದರಲ್ಲಿ ಬರೆದಿದೆ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಇರಬಾರದ 6 ದೋಷಗಳನ್ನೂ ಅದು ಎಣಿಸುತ್ತದೆ. ಕಟ್ಟೆಯಲ್ಲಿ ನೀರು ಜಿನುಗುವುದು, ಚೌಳು ಮಣ್ಣು, ನೀರಿಗೆ ತಕ್ಕಷ್ಟು ಭೂಮಿಯಿಲ್ಲದಿರುವುದು ಮೊದಲಾದವು ದೋಷಗಳು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷವೆಂದು ಹಿರಿಯರು ಆಗಲೇ ಬರೆದಿಟ್ಟಿದ್ದಾರೆ. ಗುಮ್ಮಘಟ್ಟದ ಭೈರವಾನಿತಿಪ್ಪ ಜಲಾಶಯವನ್ನು ಬಲ್ಲವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ವೇದಾವತಿಯ ನೀರು ಮೇಲಿನ ರಾಜ್ಯದಿಂದ ಬರಬೇಕು, ಅಣೆಕಟ್ಟು ತುಂಬುವುದು ಅಪರೂಪ.

ಕೆರೆ ಕಟ್ಟಿಸಿ ಕೈತೊಳೆದುಕೊಳ್ಳುವ ಪದ್ಧತಿ ಹಿಂದೆ ಇರಲಿಲ್ಲ. ಕೆರೆಯ ಜೊತೆಗೇ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರಿನಲ್ಲಿ ಭೂಮಿ ಬಿಡುತ್ತಿದ್ದರು. ಹೂಳು ತೆಗೆಯುವ ಬಂಡಿಗೆ, ಎತ್ತಿಗೆ, ಆಳಿಗೆ ಅದರ ಹುಟ್ಟುವಳಿ. ಅನಂತಪುರ, ಬಳ್ಳಾರಿ, ಕಡಪ ಸೀಮೆಗಳಲ್ಲಿ ದಸವಂದವೆಂಬ ಇನಾಂ ವಿಶೇಷವಾಗಿ ರೂಢಿಯಲ್ಲಿತ್ತು. ಹೆಸರೇ ಹೇಳುವಂತೆ ಇದು ಹತ್ತನೆಯ ಒಂದು ಪಾಲಿನ ಲೆಕ್ಕ. ಕೆರೆ ಬಾವಿ ಕಟ್ಟಿಸಿದವರಿಗೆ, ರಿಪೇರಿ ಮಾಡಿಸಿದವರಿಗೆ ಭೂಮಿಯ ಕಂದಾಯ ಬಿಡುತ್ತಿದ್ದರು. ಆ ಭೂಮಿ ಉಣ್ಣುವವರೆಗೂ ಕೆರೆಯನ್ನು ಸುಸ್ಥಿತಿಯಲ್ಲಿಡುವ ಹೊಣೆ ಅವರದೇ. ಕಟ್ಟುವವನಿಗೆ ಪುಣ್ಯ ಸಿಕ್ಕಿತು, ಕಾಯುವವನಿಗೆ ಕೂಲಿಯೂ ಸಿಕ್ಕಿತು.

ದತ್ತ ಮಂಡಲದ ದಿನಗಳು

1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ, ಅನಂತಪುರ, ಕಡಪ ಪ್ರದೇಶಗಳನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟರು. ಹೀಗೆ ಕೊಡಲ್ಪಟ್ಟದ್ದರಿಂದ ಈ ಸೀಮೆಗೆ ದತ್ತ ಮಂಡಲವೆಂಬ ಹೆಸರು ಬಂದಿತು. ರಾಯಲಸೀಮೆ ಎಂಬ ಹೆಸರು ಬಂದದ್ದು 1928ರಲ್ಲಿ. 1800ರಿಂದ 1807ರವರೆಗೆ ಥಾಮಸ್ ಮನ್ರೋ ಇಲ್ಲಿಯ ಕಲೆಕ್ಟರಾಗಿದ್ದರು.

ಪಾಳೆಯಗಾರರ ಕಾಲ ಮುಗಿದ ಮೇಲೆ ದತ್ತಿಗಳಿಗೆ ಒಡೆಯರಿಲ್ಲದಂತಾಯಿತು. 1817ರಲ್ಲಿ ಮದರಾಸು ಸರಕಾರ 7ನೆಯ ರೆಗ್ಯುಲೇಷನ್ ಹೊರಡಿಸಿತು. ಗುಡಿ, ಮಸೀದಿ, ಛತ್ರ, ಸೇತುವೆ, ಪಾಠಶಾಲೆಗಳಿಗೆ ಬಿಟ್ಟ ಆಸ್ತಿಯ ಆದಾಯ ದಾನಿಗಳ ಉದ್ದೇಶಕ್ಕೆ ವಿರುದ್ಧವಾಗಿ ಬಳಕೆಯಾಗುತ್ತಿದೆಯೆಂದು ಅದರ ಪೀಠಿಕೆಯಲ್ಲೇ ಹೇಳಲಾಗಿದೆ. ಶಾಸನದ ಶಾಪಕ್ಕೆ ಹೆದರದವರನ್ನು ಕಾನೂನಿನಿಂದ ಹೆದರಿಸುವ ಕಾಲ ಬಂದಿತೆಂದು ಅರ್ಥ.

1876ರಿಂದ 1878ರವರೆಗೆ ಬಿದ್ದ ಭೀಕರ ಕ್ಷಾಮ ಧಾತು ಸಂವತ್ಸರದ ಬರವೆಂದು ಜನರ ಬಾಯಲ್ಲಿ ಉಳಿದಿದೆ. ಬಳ್ಳಾರಿ ಜಿಲ್ಲೆ ಅತ್ಯಂತ ಹೆಚ್ಚು ನೊಂದ ಜಿಲ್ಲೆಗಳಲ್ಲೊಂದು. ಆಗ ರಾಯದುರ್ಗ, ಮಡಕಶಿರಾ ಎರಡೂ ಅದರಲ್ಲೇ ಇದ್ದವು. ಅನಂತಪುರ ಜಿಲ್ಲೆ ಬೇರೆಯಾದದ್ದು 1882ರಲ್ಲಿ, ರಾಯದುರ್ಗ ಆಮೇಲೂ ಬಳ್ಳಾರಿಯಲ್ಲೇ ಉಳಿಯಿತು. 1877ರಲ್ಲಿ ಮದರಾಸಿನಿಂದ ಹೋದ ಮನವಿಯ ಮೇರೆಗೆ ಲಂಡನ್ನಿನ ಮೇಯರ್ ಮ್ಯಾನ್ಷನ್ ಹೌಸ್ ನಿಧಿಯನ್ನು ತೆರೆದರು. ಗಂಜಿ ಹಾಕುವ ಕೆಲಸ ಸರಕಾರದ್ದಾಗಿದ್ದರಿಂದ, ಈ ನಿಧಿಯಿಂದ ರೈತರಿಗೆ ಬೀಜ, ಎತ್ತು ಕೊಳ್ಳಲು, ಬಿದ್ದ ಮನೆಗಳನ್ನು ಮತ್ತೆ ಎಬ್ಬಿಸಲು ಹಣ ಕೊಟ್ಟರು. ಹಾಳಾದ ಊರನ್ನು ಮರಳಿ ಊರನ್ನಾಗಿ ಮಾಡುವುದು ಅದರ ಉದ್ದೇಶವಾಗಿತ್ತು. ಅನ್ನ ಹಾಕಿದರೆ ಜೀವ ಉಳಿಯುತ್ತದೆ, ಬದುಕುವ ದಾರಿ ಮಾಡಿಕೊಟ್ಟರೆ ಕೇರಿ ಉಳಿಯುತ್ತದೆ.

ಬೆಂಗಳೂರು ಪೇಟೆಯ ವರ್ತಕರು

ಅದೇ ಕಾಲಕ್ಕೆ ಬೆಂಗಳೂರಿನಲ್ಲಿ ವ್ಯಾಪಾರದಿಂದ ಗಳಿಸಿದ್ದನ್ನು ಊರಿಗೆ ಹಿಂದಿರುಗಿಸಿದ ಮಹನೀಯರು ಹಲವರು. ಎಲೆ ಮಲ್ಲಪ್ಪ ಶೆಟ್ಟರು ವೀಳ್ಯದೆಲೆಯ ವ್ಯಾಪಾರಿಗಳು. ಹೆಸರಿನ ಹಿಂದಿನ 'ಎಲೆ' ಅದರಿಂದಲೇ ಬಂದದ್ದು. ನೀರಿನ ಬವಣೆ ಕಂಡು ಅವರು ಹಳೆಯ ಮದರಾಸು ರಸ್ತೆಯಲ್ಲಿ ದೊಡ್ಡ ಕೆರೆ ಕಟ್ಟಿಸಿದರು, ಹೆರಿಗೆ ಆಸ್ಪತ್ರೆಗೂ ಹಣ ಕೊಟ್ಟರು. ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ಬಡತನದಿಂದ ಮೇಲೆ ಬಂದವರು. 1868ರಲ್ಲಿ ಮುಗಿದ ಅಠಾರಾ ಕಚೇರಿಯ ಕಟ್ಟಡ ಅವರ ಗುತ್ತಿಗೆಯ ಕೆಲಸ. ದಂಡು ಪ್ರದೇಶದ ಬಡ ಮಕ್ಕಳಿಗಾಗಿ 1873ರಲ್ಲಿ ಅವರು ಸ್ಥಾಪಿಸಿದ ಉಚಿತ ಶಾಲೆ ಮುಂದೆ ಅವರ ಹೆಸರಿನ ದೊಡ್ಡ ವಿದ್ಯಾಸಂಸ್ಥೆಯಾಗಿ ಬೆಳೆಯಿತು. ಜನೋಪಕಾರಿ ದೊಡ್ಡಣ್ಣ ಶೆಟ್ಟರು, ಧರ್ಮಪ್ರಕಾಶ ಸಜ್ಜನರಾಯರು ಇಂಥ ಬಿರುದುಗಳನ್ನು ಪಡೆದದ್ದೂ ಶಾಲೆ, ಛತ್ರ, ಗುಡಿಗಳಿಂದಲೇ. ವಿಶ್ವೇಶ್ವರಪುರದ ವೃತ್ತವೊಂದು ಇಂದಿಗೂ ಸಜ್ಜನರಾಯರ ಹೆಸರಿನಲ್ಲಿದೆ.

ಇವರಲ್ಲಿ ಗುಬ್ಬಿ ತೋಟದಪ್ಪನವರ ದತ್ತಿಯನ್ನು ವಿವರವಾಗಿ ನೋಡಬೇಕು. ತೋಟದಪ್ಪನವರು 1838ರಲ್ಲಿ ಜನಿಸಿದವರು, ಬೆಂಗಳೂರು ಪೇಟೆಯಲ್ಲಿ ವ್ಯಾಪಾರ ಮಾಡಿದವರು. ರೈಲು ಬಂದ ಮೇಲೆ ಪರಸ್ಥಳದ ಜನ ನಿಲ್ದಾಣದಲ್ಲಿ ಇಳಿದು ತಂಗಲು ಜಾಗವಿಲ್ಲದೆ ಪಡುತ್ತಿದ್ದ ಪಾಡನ್ನು ಅವರು ಕಂಡರು. 1897ರಲ್ಲಿ ನಿಲ್ದಾಣದ ಸಮೀಪ ಜಾಗ ಖರೀದಿಸಿ ಛತ್ರ ಕಟ್ಟಿಸಿದರು. 1903ರ ಫೆಬ್ರವರಿ 11ರಂದು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ದೂರದ ಊರುಗಳಿಂದ ಓದಲು ಬರುವ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯವನ್ನೂ ಏರ್ಪಡಿಸಿದರು. ತಮ್ಮ ಆಸ್ತಿಯನ್ನು ಟ್ರಸ್ಟಿಗೆ ಬಿಟ್ಟು, ಸರ್ ಕೆ. ಪಿ. ಪುಟ್ಟಣ್ಣ ಚೆಟ್ಟಿಯವರಂಥ ಪ್ರಾಮಾಣಿಕರ ಕೈಗೆ ಆಡಳಿತ ಒಪ್ಪಿಸಿ 1910ರಲ್ಲಿ ಲಿಂಗೈಕ್ಯರಾದರು. ಎಷ್ಟೋ ಬಡ ಹುಡುಗರು ಆ ನಿಲಯದಲ್ಲಿದ್ದು ಓದಿ ಮುಂದೆ ಬಂದರು.

ಈಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಶೆಟ್ಟರ ಕೆರೆ ಶೆಟ್ಟರ ನಂತರ ಯಾರದೂ ಆಗಲಿಲ್ಲ. ಇಂದು ಅದಕ್ಕೆ ನಗರದ ಕೊಳಚೆ ನೀರು ಸೇರುತ್ತಿದೆ. ತೋಟದಪ್ಪನವರ ಛತ್ರದ ಎದುರಿಗಿದ್ದ ಧರ್ಮಾಂಬುಧಿ ಕೆರೆ ಬತ್ತಿ, ಅದರ ಅಂಗಳ ಬಸ್ ನಿಲ್ದಾಣವಾಯಿತು. ಛತ್ರ ಮಾತ್ರ ಒಂದು ಶತಮಾನ ದಾಟಿ ಉಳಿದಿದೆ. ಶೆಟ್ಟರ ದಾನ ತೋಟದಪ್ಪನವರ ದಾನಕ್ಕಿಂತ ಕಡಿಮೆಯದೆಂದು ಯಾರೂ ಹೇಳಲಾರರು. ಒಂದಕ್ಕೆ ಆದಾಯವನ್ನೂ ಕಾಯುವವರನ್ನೂ ಗೊತ್ತುಮಾಡಿದ್ದರು, ಇನ್ನೊಂದಕ್ಕೆ ಅದು ಇರಲಿಲ್ಲ. ಹಳೆಯ ಶಾಸನದವರು ಕೆರೆಯ ಜೊತೆಗೆ ಬಿತ್ತುವಟ್ಟ ಬಿಡುತ್ತಿದ್ದುದರ ಮರ್ಮ ಇಲ್ಲಿ ಅರ್ಥವಾಗುತ್ತದೆ.

ದಾವಣಗೆರೆ ಪೇಟೆಯಲ್ಲೂ ಇದೇ ಪರಂಪರೆ ಬೆಳೆಯಿತು. ಅಲ್ಲಿಯ ಜಿಲ್ಲಾ ಆಸ್ಪತ್ರೆಗೆ ಚಿಗಟೇರಿ ಮನೆತನದ ಹೆಸರು, ಕಾಲೇಜಿಗೆ ರಾಜನಹಳ್ಳಿ ಮನೆತನದ ಹೆಸರು ಇರುವುದು ವರ್ತಕರ ದತ್ತಿಯ ಗುರುತು.

ಹೊರದೇಶದ ಎರಡು ಉದಾಹರಣೆಗಳು

ಅಮೆರಿಕದ ಉಕ್ಕಿನ ವರ್ತಕ ಆಂಡ್ರೂ ಕಾರ್ನೆಗಿ 1883ರಿಂದ 1929ರವರೆಗಿನ ಅವಧಿಯಲ್ಲಿ ತಮ್ಮ ಹಣದಿಂದ 2,509 ಗ್ರಂಥಾಲಯಗಳಾಗಲು ಕಾರಣರಾದರು. ಅವರ ಷರತ್ತು ಒಂದೇ. ಜಾಗವನ್ನು ಊರಿನವರು ಕೊಡಬೇಕು, ಕಟ್ಟಡಕ್ಕೆ ಕೊಟ್ಟ ಹಣದ ಹತ್ತನೆಯ ಒಂದು ಭಾಗವನ್ನು ಪ್ರತಿವರ್ಷ ಪುರಸಭೆ ನಿರ್ವಹಣೆಗೆ ತೆಗೆದಿಡಬೇಕು. ದಸವಂದವನ್ನು ಅವರು ಕೇಳಿರಲಿಕ್ಕಿಲ್ಲ, ಆದರೂ ಲೆಕ್ಕ ಹತ್ತನೆಯ ಒಂದಕ್ಕೇ ಬಂದು ನಿಂತಿತು.

1914ರಲ್ಲಿ ಅದೇ ದೇಶದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕಿನ ಅಧ್ಯಕ್ಷರು ಹೊಸ ವ್ಯವಸ್ಥೆ ತಂದರು. ಸತ್ತವರು ಬರೆದಿಟ್ಟ ಉದ್ದೇಶ ಕಾಲಕ್ಕೆ ಹೊಂದದೆ ಹೋದಾಗ ದತ್ತಿಯ ಹಣ ನಿರುಪಯುಕ್ತವಾಗಿ ಬಿದ್ದಿರುತ್ತದೆ. ಅದಕ್ಕಾಗಿ ಅನೇಕ ದಾನಿಗಳ ಹಣವನ್ನು ಒಂದೇ ನಿಧಿಯಲ್ಲಿಟ್ಟು, ಊರಿನ ಯೋಗ್ಯರ ಸಮಿತಿಯೊಂದು ಆಯಾ ಕಾಲದ ಅಗತ್ಯ ನೋಡಿ ಹಂಚುವ ಏರ್ಪಾಡು ಮಾಡಿದರು. ಜಗತ್ತಿನಲ್ಲಿ ಇಂಥ ಊರ ನಿಧಿಗಳಿಗೆ ಅದೇ ಮೊದಲನೆಯದು. ನಡೆದು ಬರುವ ಯಾತ್ರಿಕರಿಗೆಂದು ಕಟ್ಟಿದ ಛತ್ರಕ್ಕೆ ಬಸ್ಸಿನ ಕಾಲದಲ್ಲಿ ಏನು ಕೆಲಸ ಎಂಬ ಪ್ರಶ್ನೆ ಈ ದೇಶದಲ್ಲೂ ಎದ್ದದ್ದೇ. ಛತ್ರವನ್ನು ವಿದ್ಯಾರ್ಥಿನಿಲಯವಾಗಿಸಿದವರು ಧರ್ಮವನ್ನು ಉಳಿಸಿಕೊಂಡರು, ಬೀಗ ಹಾಕಿದವರು ಗೋಡೆ ಮಾತ್ರ ಉಳಿಸಿಕೊಂಡರು.

ಇತ್ತೀಚಿನ ಕಾಲ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಜಿಲ್ಲಾ ಕೇಂದ್ರ ಬದಲಾಯಿತು, ಕಾಗದಪತ್ರದ ಭಾಷೆ ಬದಲಾಯಿತು. 1956ರ ಕಾನೂನಿನಿಂದ ಇನಾಂಗಳು ರದ್ದಾದವು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ ಸರಿ. ಆದರೆ ಇನಾಮಿಗೆ ಅಂಟಿಕೊಂಡಿದ್ದ ಕೆರೆಯ ಹೊಣೆಯನ್ನು ಊರಿನವರಾರೂ ಹೊತ್ತುಕೊಳ್ಳಲಿಲ್ಲ. ದಸವಂದವೆಂಬ ಮಾತೇ ಮರೆಯಾಯಿತು. 1987ರ ಧರ್ಮಾದಾಯ ಕಾನೂನು ದೇವಸ್ಥಾನದ ಆಸ್ತಿಗೆ ರಕ್ಷಣೆ ಕೊಟ್ಟಿತು. ಆದರೆ ಕೇರಿಯ ಬಾವಿ, ಅರವಟ್ಟಿಗೆ, ಗುಂಡುತೋಪುಗಳನ್ನು ಕಾಯುವ ಮನಸ್ಸನ್ನು ಕಾನೂನು ಕೊಡಲಾರದು.

ಈ ಜಿಲ್ಲೆಯ ನೀರಿನ ಬವಣೆಗೆ, ಫ್ಲೋರೈಡ್ ವಿಷಕ್ಕೆ ದೊಡ್ಡ ಉತ್ತರ ಬಂದದ್ದು 1995-96ರಲ್ಲಿ. ಪುಟ್ಟಪರ್ತಿಯ ಶ್ರೀ ಸತ್ಯಸಾಯಿ ಕೇಂದ್ರ ಟ್ರಸ್ಟ್ ತನ್ನ ಹಣದಿಂದ ಏಳುನೂರಕ್ಕೂ ಹೆಚ್ಚು ಹಳ್ಳಿಗಳಿಗೂ ಹಲವು ಪಟ್ಟಣಗಳಿಗೂ ಕುಡಿಯುವ ನೀರಿನ ಕೊಳವೆ ಹಾಕಿಸಿ ಸರಕಾರಕ್ಕೆ ಒಪ್ಪಿಸಿತು. 1999ರ ನವೆಂಬರ್ 23ರಂದು ಅಂಚೆ ಇಲಾಖೆ ಇದರ ನೆನಪಿಗೆ ಅಂಚೆಚೀಟಿ ಹೊರಡಿಸಿತು. 1969ರಲ್ಲಿ ಅನಂತಪುರಕ್ಕೆ ಬಂದ ಸ್ಪೇನ್ ದೇಶದ ವಿನ್ಸೆಂಟ್ ಫೆರರ್ ಅವರ ಗ್ರಾಮೀಣಾಭಿವೃದ್ಧಿ ಟ್ರಸ್ಟ್ ಶಾಲೆ, ಮನೆ, ಆಸ್ಪತ್ರೆಗಳನ್ನು ಕಟ್ಟಿಸಿತು. ಕಣೇಕಲ್ಲಿನಲ್ಲೂ ಅವರ ಆಸ್ಪತ್ರೆಯಿದೆ. ಆ ಹಣದ ಬಹುಭಾಗ ದೂರದ ದೇಶದ ಸಾಮಾನ್ಯ ಕುಟುಂಬಗಳು ತಿಂಗಳು ತಿಂಗಳು ಉಳಿಸಿ ಕಳಿಸಿದ ಸಣ್ಣ ಸಣ್ಣ ಮೊತ್ತ. 2009ರಲ್ಲಿ ಫೆರರ್ ಅವರು ತೀರಿಕೊಂಡಾಗ ಈ ಸೀಮೆಯ ಬಡಜನ ಕಣ್ಣೀರಿಟ್ಟರು. ಕಾಣದ ಜನ ಇಷ್ಟು ಕೊಟ್ಟಿರುವಾಗ, ದಿನವೂ ಈ ಬೀದಿಗಳಲ್ಲೇ ಓಡಾಡುವವರ ಪಾಲೆಷ್ಟು ಎಂಬುದು ಯೋಚಿಸಬೇಕಾದ ವಿಷಯ. ಹೊರಗಿನ ಹಣಕ್ಕೆ ಸರಕಾರದ ಅನುಮತಿ ಬೇಕು, ಕಳಿಸುವವರ ಮನಸ್ಸೂ ಬೇಕು. ಊರಿನ ದತ್ತಿಗೆ ಊರಿನವರ ಮನಸ್ಸೊಂದೇ ಸಾಕು.

ಭಕ್ತರ ಮುಂದಿರುವ ಕರ್ತವ್ಯ

ಹಳೆಯ ದತ್ತಿಗಳಲ್ಲಿ ಕೊರತೆಯೂ ಇತ್ತು. ಕೆಲವು ಬಾವಿ, ಛತ್ರ, ಪಾಠಶಾಲೆಗಳಿಗೆ ಎಲ್ಲ ಜಾತಿಯವರೂ ಬರುವಂತಿರಲಿಲ್ಲ. ಊರಿನ ಒಂದು ಪಾಲು ಜನರನ್ನು ಹೊರಗಿಟ್ಟ ಧರ್ಮದಿಂದ ಊರು ಪೂರ್ತಿ ಬೆಳೆಯಲಿಲ್ಲ. ಎಂಟುನೂರು ವರ್ಷಗಳ ಹಿಂದೆಯೇ ಕೋಡಿಯ ಮಠದವರು ದೀನರು, ಅನಾಥರು, ರೋಗಿಗಳೆಂದರೇ ಹೊರತು ಯಾವ ಕೇರಿಯವರೆಂದು ಕೇಳಲಿಲ್ಲ. ಹೊಸ ದತ್ತಿಗೆ ಅದೇ ಮಾದರಿಯಾಗಬೇಕು.

ಜಾತ್ರೆ, ರಥೋತ್ಸವಗಳಿಗೆ ಭಕ್ತರು ಉದಾರವಾಗಿ ಚಂದಾ ಕೊಡುತ್ತಾರೆ. ಹೂವು, ದೀಪ, ಪಟಾಕಿ, ಪ್ರಸಾದ ಎಲ್ಲವೂ ಆಗಬೇಕಾದದ್ದೇ. ಅದರಲ್ಲಿ ಹತ್ತನೆಯ ಒಂದು ಪಾಲು, ಅಂದರೆ ಒಂದು ದಸವಂದ, ಖರ್ಚಾಗದೆ ಬ್ಯಾಂಕಿನಲ್ಲಿ ಅಸಲಾಗಿ ಉಳಿದರೆ ಏನಾಗುತ್ತದೆಂಬುದನ್ನು ಲೆಕ್ಕ ಹಾಕಬಹುದು. ಶೇಕಡಾ 6ರ ಬಡ್ಡಿಯಲ್ಲಿ 1,00,000 ರೂಪಾಯಿಗೆ ವರ್ಷಕ್ಕೆ 6,000 ರೂಪಾಯಿ. ಬೆಲೆಗಳು ಏರುತ್ತಲೇ ಇರುವುದರಿಂದ ಅದರಲ್ಲಿ 2,000 ರೂಪಾಯಿಯನ್ನು ಮತ್ತೆ ಅಸಲಿಗೆ ಸೇರಿಸಬೇಕು. ಮಿಕ್ಕ 4,000 ರೂಪಾಯಿಯಲ್ಲಿ ಬೇಸಿಗೆಯ ಅರವಟ್ಟಿಗೆ ನಡೆದೀತು, ಇಲ್ಲವೇ ಕೆಲವು ಬಡ ಮಕ್ಕಳ ಪುಸ್ತಕದ ಖರ್ಚು ನಡೆದೀತು. ಮೊದಲ ವರ್ಷ ಇದು ಸಣ್ಣದಾಗಿ ಕಂಡರೂ ಪ್ರತಿ ವರ್ಷದ ಉತ್ಸವ ಅದಕ್ಕೆ ಒಂದು ಪಾಲು ಸೇರಿಸುತ್ತ ಹೋದರೆ, ಹನಿಗೂಡಿ ಹಳ್ಳವಾಗುವಂತೆ ಇಪ್ಪತ್ತು ವರ್ಷಗಳಲ್ಲಿ ಅದು ಬಾವಿಯ ಹೂಳು ತೆಗೆಸುವಷ್ಟು ಬೆಳೆಯುತ್ತದೆ.

ಇದಕ್ಕೆ ಬೇಕಾದದ್ದು ಮೂರು. ಉದ್ದೇಶ ಸ್ಪಷ್ಟವಾಗಿ ಬರೆದಿರಬೇಕು. ಹೊಣೆ ಹೊರುವವರ ಹೆಸರು ಎಲ್ಲರಿಗೂ ತಿಳಿದಿರಬೇಕು. ವರ್ಷಕ್ಕೊಮ್ಮೆ ಜಮಾ-ಖರ್ಚಿನ ಲೆಕ್ಕ ದೇವರ ಸನ್ನಿಧಿಯಲ್ಲಿ, ಊರಿನವರೆದುರು ಓದಬೇಕು. ಹಿಂದಿನವರು ಇದನ್ನೇ ಕಲ್ಲಿನಲ್ಲಿ ಕೆತ್ತಿಸಿ ಗುಡಿಯ ಮುಂದೆ ನಿಲ್ಲಿಸಿದರು. ಆ ಕಲ್ಲುಗಳು ಹಲವು ಕಡೆ ಇನ್ನೂ ನಿಂತಿವೆ. ಕಲ್ಲಿನ ಮೇಲೆ ಬರೆದಂತೆ ನಡೆಯುವವರು ಇರುವ ಊರಿನಲ್ಲಿ ಕೆರೆಯೂ ಉಳಿಯುತ್ತದೆ, ಕೇರಿಯೂ ಉಳಿಯುತ್ತದೆ.

ಭಗವಂತನು ಕೊಡುವ ಕೈಗಳಿಗೆ ಬಲವನ್ನೂ ಕಾಯುವ ಕೈಗಳಿಗೆ ಶುದ್ಧಿಯನ್ನೂ ಕರುಣಿಸಲಿ.